ಆರು ಬಟನ್, ಒಂದು ಪುಟ್ಟ ಪರದೆ: ಮನೆಯಲ್ಲೇ ಗೇಮ್ ಕನ್ಸೋಲ್ ಕಟ್ಟೋಣ

ರೆಟ್ರೋ ಗೇಮ್ ಕನ್ಸೋಲ್ ಮಾಡುವುದು ಹೇಗೆ ಎಂದು ಯಾರನ್ನೇ ಕೇಳಿ, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತನ್ನಿ, ಮೆಮೊರಿ ಕಾರ್ಡ್‌ಗೆ ಹಳೆಯ ಆಟ ಓಡಿಸುವ ರೆಟ್ರೋಪೈ ಸಾಫ್ಟ್‌ವೇರ್ ಹಾಕಿ, ಟಿವಿಗೆ ಸಿಕ್ಕಿಸಿ ಎನ್ನುತ್ತಾರೆ. ತಪ್ಪೇನಿಲ್ಲ, ಒಂದು ಸಂಜೆಯಲ್ಲಿ ಮುಗಿದುಹೋಗುವ ಕೆಲಸ. ಆದರೆ ಅಲ್ಲಿ ನೀವು ಕಟ್ಟುವುದಕ್ಕಿಂತ ಸಿಕ್ಕಿಸುವುದೇ ಜಾಸ್ತಿ. ಒಳಗೆ ಓಡುವುದು ಪೂರ್ತಿ ಲಿನಕ್ಸ್ ಕಂಪ್ಯೂಟರ್. ಆಡುವ ಆಟಗಳು ಬಹುಪಾಲು ಹಳೆಯ ಕಾರ್ಟ್ರಿಜ್‌ಗಳಿಂದ ತೆಗೆದ ರೋಮ್ ಫೈಲುಗಳು. ಅವುಗಳ ಹಕ್ಕು ಇವತ್ತಿಗೂ ಆಯಾ ಕಂಪನಿಗಳ ಕೈಯಲ್ಲೇ ಇದೆ.

ಇಲ್ಲಿ ಹೇಳುತ್ತಿರುವುದು ಬೇರೆ ದಾರಿ. 2014ರಲ್ಲಿ ಅಮೆರಿಕದ ಕೆವಿನ್ ಬೇಟ್ಸ್ ವಿಸಿಟಿಂಗ್ ಕಾರ್ಡ್ ಅಳತೆಯ ಸರ್ಕ್ಯೂಟ್ ಬೋರ್ಡ್ ಮೇಲೆ ಟೆಟ್ರಿಸ್ ಆಡಿ ತೋರಿಸಿದ ವಿಡಿಯೋ ಹಾಕಿದರು. ಅದು ಎಲ್ಲೆಡೆ ಹರಡಿತು, ಮರುವರ್ಷ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಹಣ ಕೂಡಿ 'ಆರ್ಡುಬಾಯ್' ಎಂಬ ಪುಟ್ಟ ಕನ್ಸೋಲ್ ಆಯಿತು. ಅದರ ಸರ್ಕ್ಯೂಟ್ ನಕ್ಷೆ ಬಹಿರಂಗ, ಅದಕ್ಕೆ ಆಟ ಬರೆಯುವ 'ಆರ್ಡುಬಾಯ್2' ಲೈಬ್ರರಿ (ಸಿದ್ಧ ಕೋಡಿನ ಕಟ್ಟು) ಓಪನ್ ಸೋರ್ಸ್, ನೂರಾರು ಆಟಗಳನ್ನು ಬರೆದವರೇ ಉಚಿತವಾಗಿ, ಎಷ್ಟೋ ಬಾರಿ ಸೋರ್ಸ್ ಸಮೇತ, ಹಂಚಿದ್ದಾರೆ. ಅದೇ ಕನ್ಸೋಲನ್ನು ಬಿಡಿ ಭಾಗಗಳಿಂದ ನಾವೇ ಕಟ್ಟಬಹುದು. ಇದರ ಒಳಗಿನ ಪ್ರತಿ ತಂತಿ, ಪ್ರತಿ ಬೈಟ್ ಒಬ್ಬ ಮನುಷ್ಯನ ತಲೆಯಲ್ಲಿ ಹಿಡಿಸುತ್ತದೆ ಎನ್ನುವುದೇ ನನಗೆ ಇದರ ದೊಡ್ಡ ಆಕರ್ಷಣೆ.

ಎಷ್ಟು ಪುಟ್ಟದು ಎಂದರೆ, ಮಿದುಳು 16 ಮೆಗಾಹರ್ಟ್ಸ್‌ನ 8-ಬಿಟ್ ಚಿಪ್, ಹೆಸರು ಎಟಿಮೆಗಾ32ಯು4. ಪ್ರೋಗ್ರಾಮ್‌ಗೆ 32 ಕೆಬಿ ಜಾಗ, ಅದರಲ್ಲಿ 4 ಕೆಬಿ, ಹೊಸ ಪ್ರೋಗ್ರಾಮನ್ನು ಒಳಗೆ ತೆಗೆದುಕೊಳ್ಳುವ ಬೂಟ್‌ಲೋಡರಿನ ಪಾಲು. ರ‍್ಯಾಮ್ ಬರೀ 2,560 ಬೈಟ್. ಪರದೆ ಅಡ್ಡಕ್ಕೆ 128, ಉದ್ದಕ್ಕೆ 64 ಚುಕ್ಕಿ. ಚುಕ್ಕಿ ಉರಿಯುತ್ತದೆ ಇಲ್ಲವೇ ಆರಿರುತ್ತದೆ, ಬಣ್ಣದ ಮಾತೇ ಇಲ್ಲ.

ಸಾಮಾನು ಕೊಳ್ಳುವಾಗ

ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಬೇರೆ ಊರಿನವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದು. ಎಲ್ಲ ಸೇರಿ ಸಾವಿರ ರೂಪಾಯಿಯ ಆಚೀಚೆ ಆಗುತ್ತದೆ, ಸಾಲ್ಡರಿಂಗ್ ಐರನ್ ಇಲ್ಲದಿದ್ದರೆ ಅದರ ಖರ್ಚು ಬೇರೆ. ದುಡ್ಡಿಗಿಂತ ಮುಖ್ಯ, ಸರಿಯಾದ ವಸ್ತು ಕೇಳಿ ತರುವುದು. ನೋಡಲು ಒಂದೇ ಥರ ಇದ್ದು ಕೆಲಸಕ್ಕೆ ಬಾರದವು ಈ ಪಟ್ಟಿಯಲ್ಲಿ ಮೂರಿವೆ.

ಮೊದಲನೆಯದು ಬೋರ್ಡ್. ನಮಗೆ ಬೇಕಾದ್ದು 'ಪ್ರೋ ಮೈಕ್ರೋ', 5 ವೋಲ್ಟ್ 16 ಮೆಗಾಹರ್ಟ್ಸ್‌ನದು. ಇದೇ ಬೋರ್ಡ್ 3.3 ವೋಲ್ಟ್ 8 ಮೆಗಾಹರ್ಟ್ಸ್‌ನಲ್ಲೂ ಬರುತ್ತದೆ. ಆಟಗಳೆಲ್ಲ 16ರ ಲೆಕ್ಕಕ್ಕೆ ಬರೆದವು, ಹಾಗಾಗಿ ಅದು ಬೇಡ. 'ಪ್ರೋ ಮಿನಿ', 'ನ್ಯಾನೋ' ಕೂಡ ಬೇಡ, ಅವುಗಳ ಚಿಪ್ಪೇ ಬೇರೆ. ಯುಎಸ್‌ಬಿ-ಸಿ ಇರುವ ಪ್ರೋ ಮೈಕ್ರೋ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಹಳೆಯ ಮೈಕ್ರೋ ಯುಎಸ್‌ಬಿಯದಾದರೆ ಕನೆಕ್ಟರ್ ಸುತ್ತ ಒಂದಿಷ್ಟು ಎಪಾಕ್ಸಿ ಅಥವಾ ಗ್ಲೂ ಗನ್ ಅಂಟು ಹಾಕಿಬಿಡಿ. ಅಗ್ಗದ ಬೋರ್ಡ್‌ಗಳಲ್ಲಿ ಕೇಬಲ್ ಎಳೆದಾಗ ಆ ಕನೆಕ್ಟರ್ ಅಡಿಯ ತಾಮ್ರದ ಸಮೇತ ಕಿತ್ತು ಬರುವುದು ಹೆಸರುವಾಸಿ ಕಾಯಿಲೆ.

ಎರಡನೆಯದು ಪರದೆ. 0.96 ಇಂಚಿನ ಓಲೆಡ್, ಒಳಗಿನ ಚಿಪ್ ಎಸ್‌ಎಸ್‌ಡಿ1306, ಕಾಲು (ಪಿನ್) ಏಳು ಇರಬೇಕು. ನಾಲ್ಕು ಕಾಲಿನದು ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದು ಎರಡೇ ತಂತಿಯಲ್ಲಿ ನಿಧಾನವಾಗಿ ಡೇಟಾ ಸಾಗಿಸುವ ಐ2ಸಿ ಜಾತಿಯದು. ಒಂದು ಪರದೆಯಷ್ಟು ಚಿತ್ರ ಎಂದರೆ 1,024 ಬೈಟ್. ಐ2ಸಿಯ ಸಾಮಾನ್ಯ 400 ಕಿಲೋಹರ್ಟ್ಸ್ ವೇಗದಲ್ಲಿ ಅದನ್ನು ಸಾಗಿಸಲು ಸುಮಾರು 23 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ 60 ಚೌಕಟ್ಟು (ಫ್ರೇಮ್) ತೋರಿಸಬೇಕಾದರೆ ಪ್ರತಿಯೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡ್ ಮಾತ್ರ. ಏಳು ಕಾಲಿನ ಎಸ್‌ಪಿಐ ಪರದೆ ಅದೇ ಕೆಲಸವನ್ನು ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಸುತ್ತದೆ. ಇನ್ನು 1.3 ಇಂಚಿನದು ಕಣ್ಣಿಗೆ ಹಿತ ನಿಜ, ಆದರೆ ಅವುಗಳಲ್ಲಿ ಬಹಳಷ್ಟರ ಒಳಗೆ ಎಸ್‌ಎಚ್1106 ಎಂಬ ಬೇರೆ ಚಿಪ್ ಇರುತ್ತದೆ. ಅದರ ಮೆಮೊರಿ 132 ಚುಕ್ಕಿ ಅಗಲ, ಸಾಲಿನಿಂದ ಸಾಲಿಗೆ ತಾನಾಗಿ ಇಳಿಯುವ ಕ್ರಮವೂ ಅದಕ್ಕಿಲ್ಲ. ಆರ್ಡುಬಾಯ್ ಆಟ ಹಾಕಿದರೆ ಚಿತ್ರ ಚೂರುಚೂರಾಗಿ ಕಾಣುತ್ತದೆ. ಮೊದಲ ಕನ್ಸೋಲ್‌ಗೆ 0.96 ಇಂಚೇ ಇರಲಿ.

ಮೂರನೆಯದು ಸದ್ದು. ಬಜರ್ ಕೇಳಿದರೆ ಅಂಗಡಿಯವರು ಹೆಚ್ಚಾಗಿ 'ಆ್ಯಕ್ಟಿವ್' ಬಜರ್ ಕೊಡುತ್ತಾರೆ. ಅದಕ್ಕೆ ಒಂದೇ ರಾಗ ಗೊತ್ತು. ನಮಗೆ ಬೇಕಾದ್ದು ಪೀಜೋ ಬಿಲ್ಲೆ ಅಥವಾ 'ಪ್ಯಾಸಿವ್' ಪೀಜೋ ಬಜರ್. 5 ವೋಲ್ಟ್ ಮುಟ್ಟಿಸಿ ನೋಡಿ: ಕುಯ್ ಎಂದು ಕೂಗುತ್ತಲೇ ಇದ್ದರೆ ಆ್ಯಕ್ಟಿವ್, 'ಟಿಕ್' ಎಂದು ಸುಮ್ಮನಾದರೆ ಪ್ಯಾಸಿವ್.

ಉಳಿದದ್ದು ಸಣ್ಣಪುಟ್ಟ ಸಾಮಾನು. ಏಳು ಪುಶ್ ಬಟನ್ (ಆರು ಆಟಕ್ಕೆ, ಒಂದು ರೀಸೆಟ್‌ಗೆ), ಬೆಸೆಯದೆ ಚುಚ್ಚಿ ಜೋಡಿಸಲು ಒಂದು ಬ್ರೆಡ್‌ಬೋರ್ಡ್, ಜಂಪರ್ ವೈರ್, ಬರ್ಗ್ ಸ್ಟ್ರಿಪ್ (ಸಾಲಾಗಿ ನಿಂತ ಲೋಹದ ಪಿನ್‌ಗಳು), ಆಮೇಲೆ ಗಟ್ಟಿಯಾಗಿ ಕಟ್ಟಲು ಒಂದು ಝೀರೋ ಪಿಸಿಬಿ (ತೂತುಗಳಿರುವ ಖಾಲಿ ಬೋರ್ಡ್). 6 ಮಿಲಿಮೀಟರಿನ ಬಟನ್ ಬ್ರೆಡ್‌ಬೋರ್ಡ್‌ಗೆ ಸಾಕು. ಕೈಯಲ್ಲಿ ಹಿಡಿದು ಅರ್ಧ ಗಂಟೆ ಆಡಬೇಕೆಂದರೆ 12 ಮಿಲಿಮೀಟರಿನದು, ಮೇಲೆ ಬಣ್ಣದ ಟೋಪಿ ಇರುವುದು, ಹೆಬ್ಬೆರಳಿಗೆ ಸುಖ. ಮಲ್ಟಿಮೀಟರ್ ಇದ್ದರೆ ಅರ್ಧ ಯುದ್ಧ ಗೆದ್ದಂತೆ.

ತಂತಿ ಜೋಡಣೆ

ಬೋರ್ಡ್‌ಗೂ ಪರದೆಗೂ ಬರ್ಗ್ ಸ್ಟ್ರಿಪ್ ಬೆಸೆದುಕೊಳ್ಳಿ. ಸ್ಟ್ರಿಪ್ಪನ್ನು ಬ್ರೆಡ್‌ಬೋರ್ಡ್‌ಗೆ ಚುಚ್ಚಿ, ಮೇಲೆ ಬೋರ್ಡ್ ಕೂರಿಸಿ ಬೆಸೆದರೆ ಕಾಲುಗಳು ನೆಟ್ಟಗೆ ನಿಲ್ಲುತ್ತವೆ. ಕಿಟಕಿ ತೆಗೆದಿರಲಿ. ಸಾಲ್ಡರ್ ವೈರ್‌ನಲ್ಲಿ ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ.

ಪರದೆಯಿಂದ ಪ್ರೋ ಮೈಕ್ರೋಗೆ (ಜಿಎನ್‌ಡಿ ಎಂದರೆ ಗ್ರೌಂಡ್, ವಿಸಿಸಿ ಎಂದರೆ ಕರೆಂಟಿನ ಕಾಲು):

- ಜಿಎನ್‌ಡಿ → ಜಿಎನ್‌ಡಿ
- ವಿಸಿಸಿ → ವಿಸಿಸಿ
- ಡಿ0 → ಪಿನ್ 15
- ಡಿ1 → ಪಿನ್ 16
- ಆರ್‌ಇಎಸ್ → ಪಿನ್ 6
- ಡಿಸಿ → ಪಿನ್ 4
- ಸಿಎಸ್ → ಜಿಎನ್‌ಡಿ

ಬಟನ್‌ಗಳು, ಪ್ರತಿಯೊಂದರ ಒಂದು ಕಾಲು ಪಿನ್‌ಗೆ, ಇನ್ನೊಂದು ಜಿಎನ್‌ಡಿಗೆ:

- ಮೇಲೆ → ಎ0
- ಬಲ → ಎ1
- ಎಡ → ಎ2
- ಕೆಳಗೆ → ಎ3
- 'ಎ' ಬಟನ್ → ಪಿನ್ 7
- 'ಬಿ' ಬಟನ್ → ಪಿನ್ 8
- ರೀಸೆಟ್ → ಆರ್‌ಎಸ್‌ಟಿ

ಪೀಜೋದ ಒಂದು ತಂತಿ ಪಿನ್ 5ಕ್ಕೆ, ಇನ್ನೊಂದು ಜಿಎನ್‌ಡಿಗೆ.

ಇದರಲ್ಲಿ ಎರಡು ಕಡೆ ಮೂಲ ಆರ್ಡುಬಾಯ್‌ಗಿಂತ ಬೇರೆ ಮಾಡಿದ್ದೇವೆ. ಅಲ್ಲಿ ಪರದೆಯ ಸಿಎಸ್ ಪಿನ್ 12ಕ್ಕೂ, ಸ್ಪೀಕರಿನ ಎರಡನೇ ತಂತಿ ಪಿನ್ 13ಕ್ಕೂ ಹೋಗುತ್ತದೆ. ಪ್ರೋ ಮೈಕ್ರೋದಲ್ಲಿ ಆ ಎರಡು ಪಿನ್ ಹೊರಗೆ ತಂದೇ ಇಲ್ಲ. ಸಿಎಸ್ ಎಂದರೆ 'ಈಗ ನಿನ್ನ ಜೊತೆ ಮಾತಾಡುತ್ತಿದ್ದೇನೆ' ಎಂದು ಚಿಪ್ಪಿಗೆ ಹೇಳುವ ತಂತಿ. ಇಲ್ಲಿ ಆ ದಾರಿಯಲ್ಲಿ ಪರದೆ ಬಿಟ್ಟರೆ ಬೇರೆ ಯಾರೂ ಇಲ್ಲ, ಆದ್ದರಿಂದ ಅದನ್ನು ಕಾಯಂ ಆಗಿ ಗ್ರೌಂಡ್‌ಗೆ ಕಟ್ಟಿಹಾಕಿದರೆ ಏನೂ ನಷ್ಟವಿಲ್ಲ. ಸ್ಪೀಕರಿನ ಸದ್ದು ಸ್ವಲ್ಪ ಕಡಿಮೆಯಾಗುತ್ತದೆ, ಮನೆಯವರು ಅದಕ್ಕೆ ಬೇಸರಪಡುವುದಿಲ್ಲ. ಇಷ್ಟು ಮಾಡಿದ್ದರಿಂದ ಬೇರೆಯವರು ಮೂಲ ಆರ್ಡುಬಾಯ್‌ಗೆ ಬರೆದ ಆಟಗಳು ಒಂದಕ್ಷರ ತಿದ್ದದೆ ನಮ್ಮದರಲ್ಲೂ ಓಡುತ್ತವೆ.

ಬಟನ್‌ಗೆ ರೆಸಿಸ್ಟರ್ ಬೇಕಿಲ್ಲ. ಚಿಪ್ಪಿನ ಒಳಗೇ ಪುಲ್-ಅಪ್ (ಬಟನ್ ಒತ್ತದಿದ್ದಾಗ ಪಿನ್ನನ್ನು ಮೇಲಿನ ವೋಲ್ಟೇಜಿಗೆ ಎಳೆದಿಡುವ ರೆಸಿಸ್ಟರ್) ಇದೆ, ಲೈಬ್ರರಿ ಅದನ್ನು ತಾನೇ ಆನ್ ಮಾಡಿಕೊಳ್ಳುತ್ತದೆ. ಆದರೆ ನಾಲ್ಕು ಕಾಲಿನ ಬಟನ್‌ನಲ್ಲಿ ಎರಡೆರಡು ಕಾಲುಗಳು ಒಳಗೇ ಕೂಡಿರುತ್ತವೆ. ತಪ್ಪು ಜೋಡಿ ಹಿಡಿದರೆ ಬಟನ್ ಸದಾ ಒತ್ತಿದಂತೆಯೇ ಇರುತ್ತದೆ. ಯೋಚನೆಯೇ ಬೇಡ ಎಂದರೆ ಮೂಲೆಯಿಂದ ಎದುರು ಮೂಲೆಯ ಕಾಲು ಹಿಡಿಯಿರಿ, ಅದು ಎಂದೂ ತಪ್ಪುವುದಿಲ್ಲ.

ಇನ್ನೂ ಕರೆಂಟು ಕೊಡಬೇಡಿ. ಪರದೆಯ ಮೇಲೆ ಅಚ್ಚಾದ ಹೆಸರುಗಳನ್ನು ಒಮ್ಮೆ ಓದಿ ನೋಡಿ: ಕೆಲವು ಪರದೆಗಳಲ್ಲಿ ಜಿಎನ್‌ಡಿ ಮೊದಲು, ಕೆಲವದರಲ್ಲಿ ವಿಸಿಸಿ ಮೊದಲು. ಎರಡನ್ನು ಅದಲು ಬದಲು ಮಾಡಿದರೆ ಪರದೆ ಸುಟ್ಟೇ ಹೋಗಬಹುದು. ಅದು 5 ವೋಲ್ಟ್ ತಡೆಯುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿರಿ, 3.3ರಿಂದ 5 ವೋಲ್ಟ್ ಎಂದು ಬರೆದಿರುವುದು ಕ್ಷೇಮ. ಆಮೇಲೆ ಮಲ್ಟಿಮೀಟರನ್ನು ಬೀಪ್ ಕೂಗುವ ಸ್ಥಾನಕ್ಕೆ ತಿರುಗಿಸಿ ಬೋರ್ಡಿನ ವಿಸಿಸಿಗೂ ಜಿಎನ್‌ಡಿಗೂ ಮುಟ್ಟಿಸಿ. ಕೂಗಿದರೆ ಎಲ್ಲೋ ಶಾರ್ಟ್ ಇದೆ, ಹುಡುಕಿ ಸರಿಮಾಡಿ ಮುಂದೆ ಹೋಗಿ.

ಜೀವ ಬರಿಸುವುದು

ಕಂಪ್ಯೂಟರಿನಲ್ಲಿ ಆರ್ಡುಯಿನೋ ಐಡಿಇ (ಪ್ರೋಗ್ರಾಮ್ ಬರೆದು ಬೋರ್ಡ್‌ಗೆ ಕಳಿಸುವ ಸಾಫ್ಟ್‌ವೇರ್) ಹಾಕಿಕೊಳ್ಳಿ, ಉಚಿತ. ಲೈಬ್ರರಿ ಮ್ಯಾನೇಜರ್ ತೆರೆದು 'ಆರ್ಡುಬಾಯ್2' ಹುಡುಕಿ ಇನ್‌ಸ್ಟಾಲ್ ಮಾಡಿ. ಬೋರ್ಡ್ ಪಟ್ಟಿಯಲ್ಲಿ 'ಆರ್ಡುಯಿನೋ ಲಿಯೊನಾರ್ಡೊ' ಆರಿಸಿ; ಪ್ರೋ ಮೈಕ್ರೋ ಹೆಸರು ಅಲ್ಲಿ ಕಾಣದಿದ್ದರೆ ಗಾಬರಿ ಬೇಡ, ಎರಡರದೂ ಒಂದೇ ಚಿಪ್. ಈಗ ಕೇಬಲ್ ಸಿಕ್ಕಿಸಿ. ಪೋರ್ಟ್ ಪಟ್ಟಿಯಲ್ಲಿ ಏನೂ ಬರದಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ಮನೆಯಲ್ಲಿ ಬಿದ್ದಿರುವ ಚಾರ್ಜಿಂಗ್ ಕೇಬಲ್‌ಗಳಲ್ಲಿ ಎಷ್ಟೋ ಕರೆಂಟು ಮಾತ್ರ ಸಾಗಿಸುತ್ತವೆ, ಡೇಟಾ ತಂತಿ ಅವುಗಳಲ್ಲಿ ಇರುವುದೇ ಇಲ್ಲ. ಲಿನಕ್ಸ್‌ನಲ್ಲಿ ಪೋರ್ಟ್ ಕಂಡೂ ಅನುಮತಿ ಇಲ್ಲ ಎಂದರೆ ನಿಮ್ಮ ಯೂಸರ್ ಹೆಸರನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿ ಮತ್ತೆ ಲಾಗಿನ್ ಆಗಿ.

ಲೈಬ್ರರಿಯ ಜೊತೆಗೇ ಉದಾಹರಣೆಗಳು ಬರುತ್ತವೆ. ಮೊದಲು 'ಹಲೋ ವರ್ಲ್ಡ್' ಅಪ್‌ಲೋಡ್ ಮಾಡಿ, ಪರದೆ ಪರೀಕ್ಷೆ ಆಯಿತು. ಆಮೇಲೆ 'ಬಟನ್ಸ್': ದಿಕ್ಕಿನ ಬಟನ್ ಒತ್ತಿದಂತೆ ಪರದೆಯ ಮೇಲಿನ ಅಕ್ಷರಗಳು ಸರಿದಾಡಬೇಕು. ಇವೆರಡೂ ಸರಿಯಾದರೆ 'ಆರ್ಡುಬ್ರೇಕ್‌ಔಟ್' ಹಾಕಿ. ಅದು ಚೆಂಡು ಬಡಿದು ಇಟ್ಟಿಗೆ ಒಡೆಯುವ ಪೂರ್ಣ ಆಟ, ಇಲ್ಲಿಂದ ಮುಂದೆ ಮಕ್ಕಳು ನಿಮ್ಮ ಕೈಗೆ ಕನ್ಸೋಲ್ ಕೊಡುವುದು ಕಷ್ಟ.

ಪರದೆ ಕಪ್ಪಗೇ ಇದ್ದರೆ ಡಿಸಿ ಮತ್ತು ಆರ್‌ಇಎಸ್ ತಂತಿ ಅದಲು ಬದಲಾಗಿವೆಯೇ ನೋಡಿ. ಅವು ಸರಿ ಇದ್ದರೆ ಡಿ0, ಡಿ1 ನೋಡಿ. ಚಿತ್ರ ಬಂದು ಅಲ್ಲಲ್ಲಿ ಉಪ್ಪು ಚೆಲ್ಲಿದಂತೆ ಚುಕ್ಕಿ ಕಂಡರೆ ಜಂಪರ್ ವೈರ್ ಸಡಿಲ. ಸದ್ದೇ ಇಲ್ಲವೇ? ಸದ್ದನ್ನು ಯಾವುದೋ ಆಟ ಆಫ್ ಮಾಡಿ ಉಳಿಸಿಟ್ಟಿರಬಹುದು. 'ಬಿ' ಹಿಡಿದುಕೊಂಡೇ ಆನ್ ಮಾಡಿ, ಹಿಡಿದಂತೆಯೇ ಮೇಲಿನ ಬಟನ್ ಒತ್ತಿದರೆ ಸದ್ದು ಆನ್, ಕೆಳಗಿನದು ಒತ್ತಿದರೆ ಆಫ್.

ಯಾವುದೋ ಆಟ ಹಾಕಿದ ಮೇಲೆ ಬೋರ್ಡ್ ಕಂಪ್ಯೂಟರಿಗೆ ಕಾಣಿಸುವುದೇ ನಿಂತುಹೋಗುವುದೂ ಉಂಟು. ಜಾಗ ಉಳಿಸಲು ಯುಎಸ್‌ಬಿ ಭಾಗವನ್ನೇ ಕಿತ್ತುಹಾಕಿದ ಆಟಗಳಲ್ಲಿ ಹೀಗಾಗುತ್ತದೆ. ಬೋರ್ಡ್ ಸತ್ತಿಲ್ಲ. ರೀಸೆಟ್ ಬಟನ್ ಎರಡು ಸಲ ಬೇಗಬೇಗ ಒತ್ತಿ; ಬೂಟ್‌ಲೋಡರ್ ಎದ್ದು ಸುಮಾರು 8 ಸೆಕೆಂಡ್ ಹೊಸ ಪ್ರೋಗ್ರಾಮ್‌ಗೆ ಕಾಯುತ್ತದೆ, ಆ ಹೊತ್ತಿಗೆ ಸರಿಯಾಗಿ ಅಪ್‌ಲೋಡ್ ಶುರುವಾಗಬೇಕು. ಏಳನೇ ಬಟನ್ ತನ್ನಿ ಎಂದಿದ್ದು ಇದಕ್ಕೇ, ಎಷ್ಟೋ ಪ್ರೋ ಮೈಕ್ರೋಗಳಲ್ಲಿ ರೀಸೆಟ್ ಬಟನ್ ಇರುವುದಿಲ್ಲ.

ಒಂದು ಸಲಕ್ಕೆ ಒಂದೇ ಆಟ ಹಿಡಿಸುತ್ತದೆ, ಇನ್ನೊಂದು ಬೇಕೆಂದರೆ ಮತ್ತೆ ಅಪ್‌ಲೋಡ್. ಪ್ರೋಗ್ರಾಮ್ ಕೂರುವ ಚಿಪ್ಪಿನ ಫ್ಲ್ಯಾಶ್ ಮೆಮೊರಿಗೆ 10,000 ಸಲ ಬರೆಯಬಹುದು ಎಂದು ತಯಾರಕರ ಮಾತು. ದಿನಕ್ಕೊಂದು ಆಟ ಬದಲಿಸಿದರೂ 27 ವರ್ಷ. ಹೊರಗೊಂದು ಫ್ಲ್ಯಾಶ್ ಚಿಪ್ ಸೇರಿಸಿ ನೂರಾರು ಆಟ ತುಂಬಿಡುವ ವಿಧಾನವೂ ಇದೆ. ಆಗ ಸಿಎಸ್ ತಂತಿಯನ್ನು ಗ್ರೌಂಡ್‌ಗೆ ಕಟ್ಟುವಂತಿಲ್ಲ, ಬೂಟ್‌ಲೋಡರನ್ನೂ ಬದಲಿಸಬೇಕು. ಅದು ಎರಡನೇ ಕನ್ಸೋಲ್‌ಗೆ ಇರಲಿ.

ಬ್ಯಾಟರಿ ಮತ್ತು ಡಬ್ಬಿ

ಪವರ್ ಬ್ಯಾಂಕ್‌ಗೆ ಸಿಕ್ಕಿಸಿದರೆ ಆಯಿತಲ್ಲ ಎಂದುಕೊಳ್ಳುತ್ತೇವೆ. ಆದರೆ ನಮ್ಮ ಕನ್ಸೋಲ್ ಕುಡಿಯುವ ಕರೆಂಟು ಕೆಲವೇ ಹತ್ತು ಮಿಲಿಆಂಪ್. ಫೋನ್ ಚಾರ್ಜ್ ಆಗಿ ಮುಗಿಯಿತೆಂದು ತಿಳಿದು ಬಹಳಷ್ಟು ಪವರ್ ಬ್ಯಾಂಕ್‌ಗಳು ಅರ್ಧ ನಿಮಿಷದಲ್ಲಿ ತಾವೇ ಆಫ್ ಆಗುತ್ತವೆ. ಮೂರು ಎಎಎ ಸೆಲ್ ಹಿಡಿಯುವ ಹೋಲ್ಡರ್ ಸರಳ: ಕೆಂಪು ತಂತಿ ಒಂದು ಸ್ಲೈಡ್ ಸ್ವಿಚ್ ಮೂಲಕ ಬೋರ್ಡಿನ 'ರಾ' ಪಿನ್‌ಗೆ, ಕಪ್ಪು ಜಿಎನ್‌ಡಿಗೆ. ಯುಎಸ್‌ಬಿ ಸಿಕ್ಕಿಸುವ ಮುಂಚೆ ಸ್ವಿಚ್ ಆಫ್ ಇರಲೇಬೇಕು, ಇಲ್ಲವಾದರೆ ಕಂಪ್ಯೂಟರಿನ 5 ವೋಲ್ಟ್ ಸೆಲ್‌ಗಳಿಗೆ ನುಗ್ಗಬಹುದು. 16 ಮೆಗಾಹರ್ಟ್ಸ್‌ಗೆ 4.5 ವೋಲ್ಟ್ ಬೇಕು ಎನ್ನುತ್ತದೆ ಚಿಪ್ಪಿನ ಡೇಟಾಶೀಟ್. ಮೂಲ ಆರ್ಡುಬಾಯ್ ಮಾತ್ರ 3.7 ವೋಲ್ಟಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲೇ ಓಡುತ್ತದೆ, ಹಾಗಾಗಿ ಸೆಲ್ ಸ್ವಲ್ಪ ಇಳಿದರೂ ಆಟ ನಿಲ್ಲುವುದಿಲ್ಲ. ಲಿಪೋ ಹಾಕುವ ಆಸೆ ಇದ್ದರೆ ರಕ್ಷಣಾ ಸರ್ಕ್ಯೂಟ್ ಇರುವ ಟಿಪಿ4056 ಚಾರ್ಜಿಂಗ್ ಬೋರ್ಡ್ ಜೊತೆಗೇ ಹಾಕಿ. ಚುಚ್ಚಿದರೆ, ಮಡಚಿದರೆ ಬೆಂಕಿ ಹತ್ತುವ ವಸ್ತು ಅದು, ಮಕ್ಕಳ ಕೈಗೆ ಹೋಗುವ ಕನ್ಸೋಲ್‌ಗೆ ನಾನಂತೂ ಎಎಎ ಸೆಲ್ಲೇ ಹಾಕುತ್ತೇನೆ.

ಝೀರೋ ಪಿಸಿಬಿಗೆ ವರ್ಗಾಯಿಸುವಾಗ ಪರದೆ ನಡುವೆ, ದಿಕ್ಕಿನ ನಾಲ್ಕು ಬಟನ್ ಎಡಕ್ಕೆ, 'ಎ' 'ಬಿ' ಬಲಕ್ಕೆ, 'ಬಿ' ತುದಿಯಲ್ಲಿ. ಬೆಸೆಯುವ ಮುನ್ನ ಬಟನ್‌ಗಳನ್ನು ಸುಮ್ಮನೆ ಚುಚ್ಚಿ ಎರಡೂ ಹೆಬ್ಬೆರಳು ಇಟ್ಟು ನೋಡಿ. ಡಬ್ಬಿಗೆ 3ಡಿ ಪ್ರಿಂಟರೇ ಬೇಕೆಂದಿಲ್ಲ. ಎರಡು ಅಕ್ರಿಲಿಕ್ ಹಾಳೆ, ನಾಲ್ಕು ಮೂಲೆಗೆ ಸ್ಪೇಸರ್, ನಡುವೆ ಸರ್ಕ್ಯೂಟ್. ಒಳಗೆಲ್ಲ ಕಾಣುವಂತೆ ಇರುವುದೇ ಚೆಂದ.

ನಮ್ಮದೇ ಒಂದು ಆಟ

ಬೇರೆಯವರ ಆಟ ಆಡುವುದಕ್ಕಷ್ಟೇ ಇದನ್ನು ಕಟ್ಟಿದರೆ ಅರ್ಧ ಖುಷಿ ತಪ್ಪಿತು. ಆಟದ ಅಸ್ಥಿಪಂಜರ ಸಣ್ಣದು: ಮುಂದಿನ ಚೌಕಟ್ಟಿನ ಹೊತ್ತು ಬರುವತನಕ ಕಾಯುವುದು, ಬಟನ್‌ಗಳ ಸ್ಥಿತಿ ಓದುವುದು, ಪರದೆ ಅಳಿಸುವುದು, ಹೊಸದಾಗಿ ಬಿಡಿಸುವುದು, ತೋರಿಸುವುದು. 'ಬಟನ್ಸ್' ಉದಾಹರಣೆಯ ಸೋರ್ಸ್ ತೆರೆದರೆ ಇದೇ ಐದು ಕೆಲಸ ಸುತ್ತುತ್ತಿರುವುದು ಕಾಣುತ್ತದೆ. ಬಿಡಿಸುವುದೆಲ್ಲ ನಡೆಯುವುದು ರ‍್ಯಾಮ್‌ನಲ್ಲಿ ಇಟ್ಟ ಪರದೆಯ ನಕಲಿನ ಮೇಲೆ. ಅದೊಂದೇ 1,024 ಬೈಟ್ ತಿನ್ನುತ್ತದೆ, ಉಳಿದ ಸಾವಿರದೈನೂರು ಚಿಲ್ಲರೆಯಲ್ಲಿ ನಿಮ್ಮ ಸಂಸಾರ.

ಮೊದಲ ಆಟಕ್ಕೆ ನನ್ನ ಶಿಫಾರಸು ಅಳಗುಳಿಮಣೆ. ಏಳೇಳು ಗುಳಿಯ ಎರಡು ಸಾಲು, ಅಂದರೆ ಇಡೀ ಆಟದ ಸ್ಥಿತಿ 14 ಬೈಟ್. 128 ಚುಕ್ಕಿಯ ಅಗಲವನ್ನು ಏಳಕ್ಕೆ ಹಂಚಿದರೆ ಗುಳಿಗೆ 18 ಚುಕ್ಕಿ ಬರುತ್ತದೆ; ಲೈಬ್ರರಿಯ ಅಂಕಿ ಒಂದಕ್ಕೆ 6 ಚುಕ್ಕಿ ಅಗಲ, ಎರಡಂಕಿಯ ಲೆಕ್ಕವೂ ಗುಳಿಯೊಳಗೆ ಆರಾಮಾಗಿ ಕೂರುತ್ತದೆ. ಗುಳಿಗಳಿಗೆ ಸೊನ್ನೆಯಿಂದ ಹದಿಮೂರರವರೆಗೆ ಸಂಖ್ಯೆ ಕೊಡಿ: ಕೆಳಸಾಲು ಎಡದಿಂದ ಬಲಕ್ಕೆ 0–6, ಮೇಲಿನ ಸಾಲು ಬಲದಿಂದ ಎಡಕ್ಕೆ 7–13. ಆಗ 'ಮುಂದಿನ ಗುಳಿ' ಎಂದರೆ ಒಂದು ಕೂಡಿಸಿ 14ರಿಂದ ಭಾಗಿಸಿ ಉಳಿದ ಶೇಷ. ಕಾಯಿ ಹಂಚುವಾಗ ಎಲ್ಲ ಒಂದೇ ಸಲ ಬೀಳಿಸಬೇಡಿ, ಹತ್ತು ಚೌಕಟ್ಟಿಗೊಂದು ಕಾಯಿ, ಜೊತೆಗೊಂದು 'ಟಕ್'. ಸೆಕೆಂಡಿಗೆ ಆರು ಕಾಯಿ ಬೀಳುತ್ತದೆ, ಕೈಯಲ್ಲಿ ಹುಣಸೆಬೀಜ ಹಂಚುವ ಲಯಕ್ಕೆ ಹತ್ತಿರ. ಗೆಲ್ಲುವ ನಿಯಮ ಊರಿಗೊಂದು ಥರ ಇರುವುದರಿಂದ ನಿಮ್ಮ ಅಜ್ಜಿ ಆಡುತ್ತಿದ್ದ ನಿಯಮವನ್ನೇ ಬರೆಯಿರಿ.

ಹೆಸರು ಕನ್ನಡದಲ್ಲೇ ಬರಬೇಕಲ್ಲ. ಲೈಬ್ರರಿಯ ಅಕ್ಷರಮಾಲೆಯಲ್ಲಿ ಕನ್ನಡ ಇಲ್ಲ, 8 ಚುಕ್ಕಿ ಎತ್ತರದಲ್ಲಿ ಗುಣಿತ-ಒತ್ತಕ್ಷರ ಕೂರಿಸುವುದೂ ಆಗದ ಮಾತು. ಬದಲಿಗೆ ಶೀರ್ಷಿಕೆಯನ್ನು ಚಿತ್ರವಾಗಿ ಬಿಡಿಸಿ. 24 ಚುಕ್ಕಿ ಎತ್ತರದ ಪಟ್ಟಿಯಲ್ಲಿ 'ಅಳಗುಳಿಮಣೆ' ಎಂದು ದಪ್ಪಗೆ ಬರೆದರೆ 'ಳಿ'ಯ ಗುಡಿಸೂ 'ಗು'ವಿನ ಕೊಂಬೂ ಸ್ಪಷ್ಟವಾಗಿ ಕಾಣುತ್ತವೆ. ಆ ಪಟ್ಟಿಗೆ 384 ಬೈಟ್ ಆಗುತ್ತದೆ. ಒಂದು ಬೈಟ್ ಎಂದರೆ ಅಡ್ಡಡ್ಡ ಎಂಟು ಚುಕ್ಕಿಯಲ್ಲ, ಮೇಲಿನಿಂದ ಕೆಳಕ್ಕೆ ಎಂಟು ಚುಕ್ಕಿ ಎನ್ನುವುದು ನೆನಪಿರಲಿ. ಚಿತ್ರವನ್ನು ಬೈಟ್‌ಗಳಾಗಿ ಬದಲಾಯಿಸುವ ಸಾಧನದಲ್ಲಿ ಆ ಆಯ್ಕೆ ತಪ್ಪಿದರೆ ಹೆಸರಿನ ಬದಲು ರಂಗೋಲಿ ಬರುತ್ತದೆ. ಚಿತ್ರವನ್ನು ಫ್ಲ್ಯಾಶ್‌ನಲ್ಲೇ ಇಡಿ, ರ‍್ಯಾಮ್‌ಗೆ ತರಬೇಡಿ.

ಅರ್ಧಕ್ಕೆ ಬಿಟ್ಟ ಆಟ ಉಳಿಸಲು 1 ಕೆಬಿ ಇಇಪ್ರೋಮ್ (ಕರೆಂಟು ಹೋದರೂ ಅಳಿಯದ ಮೆಮೊರಿ) ಇದೆ. ಅದರ ಮೊದಲ 16 ಬೈಟ್ ಲೈಬ್ರರಿಗೆ ಮೀಸಲು, ನಿಮ್ಮದು 16ನೇ ವಿಳಾಸದಿಂದ ಶುರುವಾಗಲಿ: ಗುರುತಿನ ಬೈಟ್ ಒಂದು, ಗುಳಿಗಳು 14, ಯಾರ ಸರದಿ ಎನ್ನಲು ಒಂದು, ಇಬ್ಬರೂ ಗೆದ್ದ ಕಾಯಿಗಳಿಗೆ ಎರಡು, ಒಟ್ಟು 18. ಗುರುತಿನ ಬೈಟ್ ಯಾಕೆಂದರೆ, ಹೊಸ ಚಿಪ್ಪಿನಲ್ಲಿ ಎಲ್ಲ ಜಾಗದಲ್ಲೂ 255 ಇರುತ್ತದೆ. ನೋಡದೆ ಓದಿದರೆ ಗುಳಿಗೆ 255 ಕಾಯಿಯಂತೆ ಆಟ ಶುರುವಾಗುತ್ತದೆ. ಹಿಂದೆ ಹಾಕಿದ್ದ ಬೇರೆ ಆಟ ತನ್ನ ಅಂಕ ಅದೇ ಜಾಗದಲ್ಲಿ ಬರೆದಿಟ್ಟಿರಲೂಬಹುದು. ಇನ್ನು, ಪ್ರತಿ ಚೌಕಟ್ಟಿಗೂ ಉಳಿಸಲು ಹೋಗಬೇಡಿ. ಇಇಪ್ರೋಮ್‌ನ ಆಯುಷ್ಯ ಒಂದು ಲಕ್ಷ ಬರಹ. ಸೆಕೆಂಡಿಗೆ 60ರಂತೆ ಬರೆದರೆ ಅದು ಅರ್ಧ ಗಂಟೆಗೂ ಮುಂಚೆ ಮುಗಿಯುತ್ತದೆ. ಸರದಿ ಬದಲಾದಾಗ ಮಾತ್ರ ಬರೆಯಿರಿ, ಅದೂ 'ರೈಟ್' ಬದಲು 'ಅಪ್‌ಡೇಟ್' ಆಜ್ಞೆಯಲ್ಲಿ. ಬೆಲೆ ಬದಲಾದ ಬೈಟನ್ನಷ್ಟೇ ಅದು ಮುಟ್ಟುತ್ತದೆ.